ಅಡಗೂಲಜ್ಜಿಯ ಕಥೆಗಳು

ಕಣಕುಂಬಿಯ ಬೆಟ್ಟಗಳಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರದ ಕಾಡುಗಳನ್ನು ದಾಟಿ ಬಯಲಿಗಿಳಿದ ಮೇಲೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹರಿಯುತ್ತದೆ. ಎರೆಮಣ್ಣಿನ ಹೊಲಗಳು, ಜೋಳ, ಹತ್ತಿ, ಅಲ್ಲಲ್ಲಿ ಒಂದು ಕೋಟೆ, ಒಂದು ಗುಡ್ಡ – ಇದು ಈ ನಾಡಿನ ರೂಪ. ಇಲ್ಲಿ ಕಥೆಯಿಲ್ಲದ ಊರಿಲ್ಲ. ರಾಮದುರ್ಗದ ಬಳಿಯ ಸುರೇಬಾನದಲ್ಲಿ ಶಬರಿಕೊಳ್ಳವಿದೆ. ಶ್ರೀರಾಮನ ದಾರಿ ನೋಡುತ್ತ ಶಬರಿಯು ಕಾದದ್ದು ಅಲ್ಲಿಯೇ ಎಂದು ಜನ ನಂಬುತ್ತಾರೆ. ಸವದತ್ತಿಯ ಗುಡ್ಡದ ಎಲ್ಲಮ್ಮನು ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳೆಂಬುದನ್ನು ಜೋಗತಿಯರು ಚೌಡಿಕೆಯ ದನಿಯೊಡನೆ ಹಾಡುತ್ತಾರೆ. ಸಂಗೊಳ್ಳಿಯ ರಾಯಣ್ಣನಂತೂ ಚರಿತ್ರೆಯ ವ್ಯಕ್ತಿ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಹಗ್ಗ ತೂಗಿದ ನೆಲದಲ್ಲಿ ತೊಟ್ಟಿಲು ತೂಗುವುದನ್ನು ಯಾವ ಇತಿಹಾಸಕಾರನೂ ಊಹಿಸಿರಲಾರ.

ಇವೆಲ್ಲಕ್ಕೂ ಹೆಸರುಂಟು, ಸ್ಥಳವುಂಟು, ನಂಬಿಕೆಯ ಬಲವುಂಟು. ಆದರೆ ಇದೇ ಊರುಗಳ ಮನೆಗಳೊಳಗೆ, ಒಲೆಯ ಬೆಳಕಿನಲ್ಲಿ, ಮಕ್ಕಳಿಗೆ ಉಣ್ಣಿಸುತ್ತ, ಕೌದಿ ಹೊಲಿಯುತ್ತ ಮುದುಕಿಯರು ಹೇಳುತ್ತ ಬಂದ ಮತ್ತೊಂದು ಬಗೆಯ ಕಥೆಗಳಿವೆ. ಅವುಗಳಿಗೆ ಹೆಸರಿಲ್ಲ, ಊರಿಲ್ಲ, ಕಾಲವಿಲ್ಲ. ಒಂದಾನೊಂದು ಊರು, ಅಲ್ಲೊಬ್ಬ ರಾಜ, ಅವನಿಗೆ ಇಬ್ಬರು ಹೆಂಡಿರು. ಕೇಳುವವನು ನಂಬಬೇಕೆಂಬ ಕಟ್ಟಳೆಯೂ ಇಲ್ಲ, ಆಗಾಗ 'ಹೂಂ' ಎಂದರೆ ಸಾಕು. ಆ 'ಹೂಂ' ನಿಂತಿತೆಂದರೆ ಮಗು ಮಲಗಿತೆಂದು ಅರ್ಥ. ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಇವುಗಳನ್ನೇ ಅಜ್ಜಿಕಥೆ, ಅಡಗೂಲಜ್ಜಿಯ ಕಥೆ ಎಂದು ಕನ್ನಡಿಗರು ಕರೆಯುತ್ತ ಬಂದಿದ್ದಾರೆ.

ಅಡಗೂಲಜ್ಜಿ ಎಂದರೆ ಯಾರು? ದಾರಿಹೋಕರಿಗೆ ಅಡಿಗೆ ಮಾಡಿ ಬಡಿಸಿ, ರಾತ್ರಿ ತಂಗಲು ಆಸರೆ ಕೊಡುವ ಮುದುಕಿ. ಅಡುವುದು ಎಂದರೆ ಬೇಯಿಸುವುದು, ಕೂಳು ಎಂದರೆ ಅನ್ನ. ಅಡುಗೂಳಜ್ಜಿ ಎಂಬುದೇ ಅಡಗೂಲಜ್ಜಿಯಾಯಿತೆಂದು ಹೇಳುವುದುಂಟು. ದೇಶಾಂತರ ಹೊರಟ ರಾಜಕುಮಾರರೆಲ್ಲ ಕಥೆಗಳಲ್ಲಿ ಇಳಿದುಕೊಳ್ಳುವುದು ಇವಳ ಮನೆಯಲ್ಲಿಯೇ. ಊರಿನ ಸುದ್ದಿ ಅವಳಿಗೆ ಗೊತ್ತು; ಅರಮನೆಯ ಗುಟ್ಟೂ ಗೊತ್ತು. ಕಥೆಯೊಳಗೆ ಅನ್ನವನ್ನೂ ಸುದ್ದಿಯನ್ನೂ ಒಟ್ಟಿಗೆ ಬಡಿಸುವ ಈ ಮುದುಕಿಯ ಹೆಸರೇ ಕಥೆಗಳಿಗೂ ಬಂದುದು ಉಚಿತವಾಗಿಯೇ ಇದೆ. ಆಂಗ್ಲ ಭಾಷೆಯ ಹೆಸರನ್ನು ಅನುಸರಿಸಿ ಕೆಲವರು ಇವುಗಳನ್ನು 'ಕಿನ್ನರ ಕಥೆ'ಗಳೆಂದು ಕರೆದರು. ಆ ಹೆಸರಿನ ಮೂಲ ಫ್ರಾನ್ಸಿನಲ್ಲಿದೆ. ಅಲ್ಲಿ ಮಾದಾಂ ದೋಲ್ನ್ವಾ ಎಂಬ ಲೇಖಕಿಯು 1697ರಲ್ಲಿ ತನ್ನ ಕಥಾಸಂಗ್ರಹಕ್ಕೆ ಕಿನ್ನರಿಯರ ಹೆಸರನ್ನು ಇಟ್ಟಳು. ವಿಚಿತ್ರವೆಂದರೆ, ಆ ಹೆಸರು ಹೊತ್ತ ಪಾಶ್ಚಾತ್ಯ ಕಥೆಗಳಲ್ಲಿಯೂ ಎಷ್ಟೋ ಕಡೆ ಕಿನ್ನರಿಯ ಸುಳಿವೇ ಇರುವುದಿಲ್ಲ. ನಮ್ಮವುಗಳಲ್ಲಿಯಂತೂ ಹಾವು, ಹುಲಿ, ರಕ್ಕಸಿ, ಮಾತನಾಡುವ ಗಿಳಿ, ಸವತಿ, ಅತ್ತೆ, ಹಸಿವು ಇಷ್ಟು ಇದ್ದರೆ ಸಾಕು. ಹಳೆಯ ಹೆಸರೇ ಮೇಲು.

ಇಂಥ ಕಥೆಗಳು ಹುಟ್ಟಿದ್ದು ಎಲ್ಲಿ? ಈ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಬಹು ಶ್ರದ್ಧೆಯಿಂದ ಕೇಳಿದರು. ಜರ್ಮನಿಯ ಥಿಯೊಡೋರ್ ಬೆನ್ಫೆ ಎಂಬ ಸಂಸ್ಕೃತ ಪಂಡಿತನು 1859ರಲ್ಲಿ ಪಂಚತಂತ್ರವನ್ನು ಅನುವಾದಿಸಿ, ಯುರೋಪಿನ ಬಹುಪಾಲು ಕಥೆಗಳಿಗೆ ಭಾರತವೇ ತವರೆಂದು ವಾದಿಸಿದನು. ಪಂಚತಂತ್ರವು ಪಾರಸಿ, ಅರಬ್ಬಿ ಭಾಷೆಗಳ ಮೂಲಕ ಪಶ್ಚಿಮಕ್ಕೆ ಹೋದುದು ನಿಜ. ಕನ್ನಡದಲ್ಲಿ ಅದನ್ನು ಬರೆದ ದುರ್ಗಸಿಂಹನು ಹನ್ನೊಂದನೆಯ ಶತಮಾನದವನು, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಅವನ ಊರು ಮಲಪ್ರಭೆಯ ಬಯಲಿಗೆ ಸೇರಿದ ಕಿಸುಕಾಡು ನಾಡಿನ ಸಯ್ಯಡಿ. ಅವನು ಹಿಡಿದದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಅಂದರೆ ಒಂದೇ ಪಂಚತಂತ್ರಕ್ಕೆ ಆಗಲೇ ಹಲವು ಕವಲುಗಳಿದ್ದವು. ಆದರೂ ಬೆನ್ಫೆಯ ವಾದ ಪೂರ್ತಿಯಾಗಿ ನಿಲ್ಲಲಿಲ್ಲ. ಗ್ರಂಥಸ್ಥವಾದ ನೀತಿಕಥೆಗಳ ದಾರಿಯನ್ನು ಹಿಡಿದು ಹೋಗಬಹುದು. ಬಾಯಿಂದ ಬಾಯಿಗೆ ನಡೆದ ಕಥೆಗಳು ಹೆಜ್ಜೆಯ ಗುರುತನ್ನು ಬಿಡುವುದಿಲ್ಲ. ವರ್ತಕರು, ಯಾತ್ರಿಕರು, ಸೈನಿಕರು ಕಥೆಗಳನ್ನು ಹೊತ್ತು ನಡೆದದ್ದುಂಟು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಹೊತ್ತದ್ದು ಇವರೆಲ್ಲರಿಗಿಂತ ಹೆಚ್ಚಿರಬೇಕು. ಅವರ ಪ್ರಯಾಣವನ್ನು ಯಾರೂ ಬರೆದಿಡಲಿಲ್ಲ.

ಸಿಂಡ್ರೆಲಾಳ ಕಥೆಯನ್ನೇ ನೋಡಬಹುದು. ಮನೆಯವರಿಂದ ತೊತ್ತಿನಂತೆ ದುಡಿಸಿಕೊಂಡ ಹುಡುಗಿಯೊಬ್ಬಳ ನಿಜರೂಪ ಕೊನೆಗೆ ಬೆಳಕಿಗೆ ಬಂದು, ಅವಳು ಅರಸನ ಕೈಹಿಡಿಯುವ ಕಥೆ ಅದು. ಒಂಬತ್ತನೆಯ ಶತಮಾನದಲ್ಲಿ ಚೀನದ ದುವಾನ್ ಚೆಂಗ್‌ಶಿ ಎಂಬ ಲೇಖಕನು ಇದರ ಒಂದು ರೂಪವನ್ನು ಬರೆದಿಟ್ಟಿದ್ದಾನೆ. ಅಲ್ಲಿ ಹುಡುಗಿಗೆ ನೆರವಾಗುವುದು ಒಂದು ಮೀನು; ಅವಳ ಪಾದರಕ್ಷೆ ಚಿನ್ನದ್ದು. ಇಟಲಿಯ ಬಸೀಲೆಯ ಸಂಗ್ರಹದಲ್ಲಿ ಅದು 1634ರಿಂದ 1636ರ ಅವಧಿಯಲ್ಲಿ ಅಚ್ಚಾಯಿತು. ಫ್ರಾನ್ಸಿನ ಪೆರೋ 1697ರಲ್ಲಿ ಬರೆದಾಗ ಪಾದರಕ್ಷೆ ಗಾಜಿನದಾಯಿತು. 1812ರಲ್ಲಿ ಜರ್ಮನಿಯ ಗ್ರಿಮ್ ಸಹೋದರರ ಸಂಪುಟಕ್ಕೆ ಬಂದಾಗ, ತಾಯಿಯ ಗೋರಿಯ ಮೇಲೆ ಬೆಳೆದ ಮರವೇ ಹುಡುಗಿಗೆ ಉಡುಪು ಕೊಟ್ಟಿತು. ಕಥೆಗಳ ಮಾದರಿಗಳಿಗೆ ಅಂಕಿಗಳನ್ನು ಕೊಟ್ಟು ಪಟ್ಟಿ ಮಾಡುವ ಪದ್ಧತಿಯನ್ನು ಫಿನ್ಲೆಂಡಿನ ಆರ್ನೆ 1910ರಲ್ಲಿ ಆರಂಭಿಸಿದನು. ಆ ಪಟ್ಟಿಯಲ್ಲಿ ಈ ಕಥೆಗೆ 510ನೆಯ ಸ್ಥಾನ. ಅಂಕಿಯಿಂದ ಹುಡುಕಲು ಅನುಕೂಲವಾಯಿತು. ಕಥೆಯ ರುಚಿ ಮಾತ್ರ ಅಂಕಿಗೆ ಸಿಕ್ಕುವಂಥದಲ್ಲ.

ಆ ರುಚಿಯನ್ನು ಅರಿಯಬೇಕಾದರೆ ಕನ್ನಡದ ಸಿಂಡ್ರೆಲಾಳಾದ 'ಹಂಚಿ'ಯ ಬಳಿಗೆ ಬರಬೇಕು. ಇವಳನ್ನು ಲೋಕಕ್ಕೆ ಪರಿಚಯಿಸಿದವರು ಎ. ಕೆ. ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಹಳೆಯ ಮೈಸೂರಿನ ಕಿವಿಗೆ ಉತ್ತರ ಕರ್ನಾಟಕದ ಮಾತು ಹೊಸದಾಗಿ ಕೇಳಿಸಿರಬೇಕು. ತರಗತಿಯಲ್ಲಿ ಇಂಗ್ಲಿಷ್ ಕಾವ್ಯವನ್ನು ಬೋಧಿಸುತ್ತಿದ್ದ ಅವರು ಈ ಸೀಮೆಯ ಓದುಬರಹವಿಲ್ಲದ ಹೆಂಗಸರ ಎದುರು ಕುಳಿತು ಕಥೆಗಳನ್ನು ಕೇಳಿ ಬರೆದುಕೊಂಡರು. ಮುಂದೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರೂ ಈ ಕಥೆಗಳನ್ನು ಬಿಡಲಿಲ್ಲ. ಜಗತ್ತಿನ ಸಿಂಡ್ರೆಲಾ ಕಥೆಗಳನ್ನು ಕುರಿತು ಅಲನ್ ಡಂಡಸ್ 1982ರಲ್ಲಿ ಸಂಪಾದಿಸಿದ ಗ್ರಂಥದಲ್ಲಿ ರಾಮಾನುಜನ್ನರ 'ಹಂಚಿ'ಯೂ ಸ್ಥಾನ ಪಡೆದಳು.

ಹಂಚಿಯು ಬಂಗಾರದ ಕೂದಲಿನ ಹುಡುಗಿ. ಆ ಚೆಲುವೇ ಅವಳಿಗೆ ಮನೆಯಲ್ಲಿ ಸಂಕಟವನ್ನು ತರುತ್ತದೆ. ತಾಯಿ ದಿಕ್ಕುತೋಚದೆ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ, ಬುತ್ತಿ ಕಟ್ಟಿಕೊಟ್ಟು ಊರು ಬಿಡಿಸುತ್ತಾಳೆ. ಹಂಚಿನಂಥ ಮುಖವನ್ನು ಹೊತ್ತವಳಾದ್ದರಿಂದ ಅವಳು ಹಂಚಿ. ಈ ಭಾಗದಲ್ಲಿ ಹಂಚು ಎಂದರೆ ಮಾಡಿಗೆ ಹೊದಿಸುವ ಹಂಚೂ ಹೌದು, ರೊಟ್ಟಿ ಬೇಯಿಸುವ ಹಂಚೂ ಹೌದು. ಆದಕಾರಣ ಆ ಹೆಸರನ್ನು ಕೇಳಿದೊಡನೆ ಒಲೆಯೂ ಮಸಿಯೂ ಕಣ್ಣಮುಂದೆ ಬರುತ್ತವೆ. ಯುರೋಪಿನ ಹುಡುಗಿಗೆ ಹೆಸರು ಒಲೆಯ ಬೂದಿಯಿಂದ ಬಂದಿತು, ಇವಳಿಗೆ ಸುಟ್ಟ ಮಣ್ಣಿನಿಂದ.

ಹಂಚಿಯು ಸಾಹುಕಾರನೊಬ್ಬನ ಮನೆಯಲ್ಲಿ ಆಳಾಗಿ ಸೇರುತ್ತಾಳೆ. ಗಮನಿಸಬೇಕು: ಇಲ್ಲಿ ಅರಮನೆಯಿಲ್ಲ, ನೃತ್ಯಕೂಟವಿಲ್ಲ. ಮನೆಮಂದಿಯೆಲ್ಲ ತೋಟದ ಊಟಕ್ಕೆ ಹೋದಾಗ ಹಂಚಿಯೊಬ್ಬಳೇ ಉಳಿದು, ಮುಖವಾಡ ತೆಗೆದು ಎಣ್ಣೆನೀರು ಹಾಕಿಕೊಳ್ಳುತ್ತಾಳೆ. ಅಕಸ್ಮಾತ್ತಾಗಿ ಮರಳಿ ಬಂದ ಸಾಹುಕಾರನ ಮಗ ಆ ಬಂಗಾರದ ಕೂದಲನ್ನು ಕಂಡುಬಿಡುತ್ತಾನೆ. ಮದುವೆಯಾಗುತ್ತದೆ.

ಪೆರೋನ ಕಥೆ ಇಲ್ಲಿಗೆ ಮುಗಿಯುತ್ತದೆ. ಹಂಚಿಯ ಕಥೆ ಅರ್ಧಕ್ಕೆ ಬಂದಿರುತ್ತದೆ. ಮನೆಗೆ ಬಂದುಹೋಗುವ ಕಪಟ ಸ್ವಾಮಿಯೊಬ್ಬನು ಅವಳ ಮೇಲೆ ಕಣ್ಣುಹಾಕಿ, ಮಾಟ ಮಾಡಿ ಸೋತು, ಆಮೇಲೆ ಸುಳ್ಳು ಸಾಕ್ಷ್ಯಗಳನ್ನು ಹೂಡಿ ಅಪವಾದ ಹೊರಿಸುತ್ತಾನೆ. ಮನೆಯವರು ವಿಚಾರಿಸದೆ ನಂಬಿ, ಹೊಡೆದು, ಅವಳನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಅವನಿಗೇ ಒಪ್ಪಿಸುತ್ತಾರೆ. ಪೆಟ್ಟಿಗೆಯಲ್ಲಿ ಹುಚ್ಚುನಾಯಿಗಳಿವೆ, ತೆರೆಯಬೇಡವೆಂದು ಹೇಳಿ ಅವನು ಅದನ್ನು ಒಬ್ಬ ಮುದುಕಿಯ ಮನೆಯಲ್ಲಿ ಇರಿಸುತ್ತಾನೆ. ಹಂಚಿ ಪಾರಾಗುತ್ತಾಳೆ, ಸ್ವಾಮಿ ಪೆಟ್ಟಿಗೆ ತೆರೆದಾಗ ಅವನ ಸುಳ್ಳೇ ನಿಜವಾಗಿ ಮೇಲೆರಗುತ್ತದೆ. ಕೊನೆಗೆ ಗಂಡನ ಮನೆಯವರು ಹಂಚಿಯನ್ನು ಗುರುತಿಸುವುದು ಹೇಗೆ? ಪಾದರಕ್ಷೆಯಿಂದಲ್ಲ, ಊಟದ ಎಲೆಯ ಮೇಲಿನ ಅನ್ನದಿಂದ. ಈ ರುಚಿ ನಮ್ಮ ಹಂಚಿಯ ಕೈಯದೆಂದು ನಾಲಗೆ ಹೇಳುತ್ತದೆ.

ಮದುವೆಯ ಮಂಗಳಗೀತೆಯೊಂದಿಗೆ ಕಥೆ ಮುಗಿಯದೆ, ನಿಜವಾದ ಕಷ್ಟ ಅಲ್ಲಿಂದ ಮುಂದೆ ಆರಂಭವಾಗುವುದು ಭಾರತದ ಹೆಂಗಸರ ಕಥೆಗಳ ವಿಶೇಷವೆಂಬುದನ್ನು ರಾಮಾನುಜನ್ ಎತ್ತಿ ತೋರಿಸಿದರು. ಕಥೆ ಹೇಳುವವರು ಯಾರೆಂಬುದನ್ನು ನೆನೆದರೆ ಇದು ಸಹಜವೇ. ಎಳೆಯ ವಯಸ್ಸಿನಲ್ಲಿ ತವರನ್ನು ಬಿಟ್ಟು, ಅರಿಯದ ಮನೆಯಲ್ಲಿ ಬಾಳು ಕಟ್ಟಿಕೊಂಡ ಹೆಂಗಸಿಗೆ ಮದುವೆಯೇ ಸುಖಾಂತವೆಂದು ಹೇಳಲು ನಾಲಗೆ ಬಂದೀತೆ? ಕೇಳುತ್ತ ಕುಳಿತ ಮೊಮ್ಮಗಳೂ ನಾಳೆ ಹಾಗೆಯೇ ಹೋಗತಕ್ಕವಳು.

ಇನ್ನೊಂದು ಭೇದವನ್ನೂ ಅವರು ಗುರುತಿಸಿದರು. ಮನೆಯೊಳಗೆ ಹೇಳುವ ಕಥೆಗಳಲ್ಲಿ ಪಾತ್ರಗಳಿಗೆ ಹೆಸರಿರುವುದು ಅಪರೂಪ. ಮನೆಯ ಹೊರಗೆ, ಮಂದಿಯ ಎದುರು ವೃತ್ತಿಯವರು ಹಾಡಿ ಆಡುವ ಕಥೆಗಳಲ್ಲಿ ಜನಕ್ಕೂ ಊರಿಗೂ ಹೆಸರಿರುತ್ತದೆ. ಈ ಸೀಮೆಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ. ಬೈಲಹೊಂಗಲದಲ್ಲಿ ನಡೆದುದೆಂದು ಹೇಳಲಾಗುವ, ಗೆಳೆಯನು ಗೆಳೆಯನಿಗೆ ಎರಡು ಬಗೆದ ಸಂಗತಿಯು 'ಸಂಗ್ಯಾ ಬಾಳ್ಯಾ' ಎಂಬ ಸಣ್ಣಾಟವಾಗಿ ರಾತ್ರಿಯಿಡೀ ಬಯಲಿನಲ್ಲಿ ನಡೆಯಿತು. ರಾಯಣ್ಣನ ದಂಗೆಯನ್ನು ಲಾವಣಿಕಾರರು ಹಾಡಿದರು. 1880ರ ದಶಕದಲ್ಲಿ ಫ್ಲೀಟ್ ಎಂಬ ಅಧಿಕಾರಿಯು ಆ ಲಾವಣಿಯನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದನು. ಬಯಲಿನ ಕಥೆಗೆ ಬರೆದುಕೊಳ್ಳುವವನು ಬೇಗನೆ ದೊರೆತನು. ಒಲೆಯ ಮುಂದಿನ ಕಥೆ ಮತ್ತೂ ಏಳು ದಶಕ ಕಾಯಬೇಕಾಯಿತು.

ಆದರೆ ಅದಕ್ಕೂ ಮೊದಲೇ, ಬಹುಮಟ್ಟಿಗೆ ಇದೇ ಪ್ರದೇಶದಲ್ಲಿ, ಒಂದು ಸೋಜಿಗದ ಸಂಗತಿ ನಡೆದಿತ್ತು. ಮುಂಬಯಿ ಪ್ರಾಂತದ ಗವರ್ನರನಾಗಿದ್ದ ಬಾರ್ಟಲ್ ಫ್ರೀಯರನು 1865–66ರ ಚಳಿಗಾಲದಲ್ಲಿ ಅಂದು 'ದಕ್ಷಿಣ ಮರಾಠಾ ಪ್ರದೇಶ'ವೆನಿಸಿದ್ದ ಈ ಸೀಮೆಯಲ್ಲಿ ಸಂಚಾರ ಕೈಕೊಂಡನು. ಜೊತೆಗೆ ಮಗಳು ಮೇರಿ ಇದ್ದಳು. ದೊಡ್ಡ ದಂಡಿನ ಆ ಬಿಡಾರದಲ್ಲಿ ಅವಳಿಗೆ ಒಡನಾಟಕ್ಕೆ ಇದ್ದವಳು ಆಯಾ ಒಬ್ಬಳೇ. ಆನಾ ಲಿಬರಾಟಾ ಡಿಸೋಜಾ ಎಂಬ ಆ ಆಯಾಳ ಪೂರ್ವಜರು ಲಿಂಗಾಯತರಾಗಿದ್ದು, ಅಜ್ಜನ ಕಾಲದಲ್ಲಿ ಕ್ರೈಸ್ತರಾಗಿದ್ದರು. ಹೊತ್ತು ಕಳೆಯಲೆಂದು ಮೇರಿ ಕಥೆ ಹೇಳೆಂದಳು. ಅಜ್ಜಿಯಿಂದ ಕೇಳಿದ್ದ ಕಥೆಗಳನ್ನು ಆನಾ ಹೇಳಿದಳು. ಮೇರಿ ಬರೆದುಕೊಂಡು, ತಪ್ಪಿಲ್ಲವೆಂದು ಖಾತರಿ ಮಾಡಿಕೊಳ್ಳಲು ಅವಳಿಗೇ ಓದಿ ತೋರಿಸಿದಳು. 1868ರಲ್ಲಿ ಅದು 'ಓಲ್ಡ್ ಡೆಕ್ಕನ್ ಡೇಸ್' ಎಂಬ ಪುಸ್ತಕವಾಗಿ ಲಂಡನ್ನಿನಲ್ಲಿ ಹೊರಬಂದಿತು. ಮಾಂತ್ರಿಕನ ಪ್ರಾಣ ದೂರದ ಕಾಡಿನ ಪುಟ್ಟ ಗಿಳಿಯಲ್ಲಿ ಅಡಗಿರುವ ಕಥೆಯೇ ಅದರಲ್ಲಿ ಮೊದಲನೆಯದು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವವಿರುವುದನ್ನು ಕೇಳಿ ಬೆಳೆದ ಕನ್ನಡದ ಮಕ್ಕಳಿಗೆ ಅದು ಹಳೆಯ ಪರಿಚಯ.

ಆ ಪುಸ್ತಕದಲ್ಲಿ ಆನಾಳ ಜೀವನವೃತ್ತಾಂತವನ್ನೂ ಅವಳ ಮಾತಿನಲ್ಲಿಯೇ ಸೇರಿಸಿದ್ದಾರೆ. ಕಥೆ ಹೇಳಿದವರ ಹೆಸರನ್ನೇ ಮರೆಯುತ್ತಿದ್ದ ಕಾಲಕ್ಕೆ ಇದು ದೊಡ್ಡ ಮಾತು. ಹಿಂದೆ ಮುದುಕರಿಗೆ ಕಥೆ ಹೇಳುವ ಹಂಬಲವಿತ್ತು, ಈಗ ದುಡ್ಡಿನದೇ ಹಂಬಲವೆಂಬರ್ಥದ ಕೊರಗು ಅವಳ ಮಾತಿನಲ್ಲಿದೆ. ಅಜ್ಜಿಕಥೆಗಳು ಅಳಿದುಹೋಗುತ್ತಿವೆ ಎಂಬ ಇಂದಿನ ಗೋಳಿಗೆ ಒಂದೂವರೆ ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಅಳಿವಿಗಿಂತ ಬದಲಾವಣೆಯೇ ಇವುಗಳ ಸ್ವಭಾವ. ಹಳೆಯ ಸೀರೆಯ ತುಂಡು, ಹರಿದ ಕುಬಸದ ಚೂರು ಕೂಡಿಸಿ ಕೌದಿ ಹೊಲಿಯುವಂತೆ, ಇದ್ದ ಸಂಗತಿಗಳನ್ನೇ ಪ್ರತಿಯೊಬ್ಬಳೂ ತನ್ನ ರೀತಿಯಲ್ಲಿ ಜೋಡಿಸುತ್ತಾಳೆ. ಎಲ್ಲಮ್ಮನ ಪುರಾಣದ ಮರಳಿನ ಕೊಡವು ಮನುಷ್ಯನಿಗೆ ಅಸಾಧ್ಯವಾದುದನ್ನು ಸಾಧಿಸಿ ತೋರುವ ಸಂಗತಿ. ಕಥೆಗಳಲ್ಲಿಯೂ ಅಂಥದೇ ಪರೀಕ್ಷೆ ಸೊಸೆಯರಿಗೆ ಎದುರಾಗುತ್ತದೆ. ಗುಡ್ಡದ ಮೇಲೆ ಅದು ಭಕ್ತಿ, ಮನೆಯಲ್ಲಿ ಅದು ಕಥೆ.

ಬದಲಾವಣೆ ಬರಹದಲ್ಲಿಯೂ ನಡೆಯುತ್ತದೆ, ಆದರೆ ಅಲ್ಲಿ ಅದರ ರೀತಿಯೇ ಬೇರೆ. ಗ್ರಿಮ್ ಸಹೋದರರ ಮೊದಲನೆಯ ಆವೃತ್ತಿಯಲ್ಲಿ, ಬರಗಾಲದಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಮಕ್ಕಳನ್ನು ಕಾಡಿಗೆ ಬಿಟ್ಟುಬರಲು ಹೇಳಿದವಳು ಹೆತ್ತ ತಾಯಿ. ಓದುವ ಮಕ್ಕಳಿಗೂ ತಂದೆತಾಯಿಗಳಿಗೂ ಅದು ಕಠೋರವೆನಿಸೀತೆಂದು ಮುಂದಿನ ಆವೃತ್ತಿಯೊಂದರಲ್ಲಿ ಅವಳನ್ನು ಮಲತಾಯಿಯಾಗಿ ಮಾಡಲಾಯಿತು. 1857ರ ಏಳನೆಯ ಆವೃತ್ತಿಯ ಹೊತ್ತಿಗೆ ಮಾತು ನಯವಾಗಿತ್ತು, ಹಸಿವಿನ ಭೀಕರತೆ ಮಲತಾಯಿಯ ಕೆಡುಕಿನ ಹಿಂದೆ ಮರೆಯಾಗಿತ್ತು. ಲೋಕದ ಮಲತಾಯಂದಿರಿಗೆ ಇದರಿಂದ ಅನ್ಯಾಯವೇ ಆಯಿತೆನ್ನಬೇಕು. ಅಚ್ಚಾದ ಕಥೆಯೇ ಸರಿಯಾದ ಕಥೆ, ಅಜ್ಜಿ ಹೇಳುವುದು ತಪ್ಪು ಎಂದು ಮಕ್ಕಳು ತಿದ್ದುವ ಕಾಲವೂ ಬಂದಿತು. ಪಠ್ಯಪುಸ್ತಕಗಳೂ ಈ ದೋಷಕ್ಕೆ ಹೊರತಾಗಿಲ್ಲ. ಮೇಲೆ ಹೇಳಿದ ಹಂಚಿಯ ಕಥೆಯೂ ಎಷ್ಟೋ ವಿವರಗಳನ್ನು ಬಿಟ್ಟು ಇಲ್ಲಿಗೆ ಬಂದಿದೆ.

ಹೂವಿನ ಗಿಡವಾಗುವ ಹುಡುಗಿಯ ಕಥೆ ಈ ಸಂಚಾರಕ್ಕೆ ಅತ್ಯುತ್ತಮ ನಿದರ್ಶನ. ಇದರ ಹಲವು ಪಾಠಗಳನ್ನು ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ್ದರು. ಬಡ ಮುದುಕಿಯ ಕಿರಿಯ ಮಗಳಿಗೆ ಒಂದು ವಿದ್ಯೆ ಗೊತ್ತು. ಉಗುರು ತಾಗಿಸದೆ ತಂದ ಒಂದು ಕೊಡ ನೀರನ್ನು ಸುರಿದರೆ ಅವಳು ಹೂಬಿಟ್ಟ ಗಿಡವಾಗುತ್ತಾಳೆ. ಎರಡನೆಯ ಕೊಡ ಸುರಿದರೆ ಮತ್ತೆ ಮನುಷ್ಯಳು. ಹೂ ಮಾರಿ ಮನೆಯ ಬಡತನ ನೀಗುತ್ತಾರೆ. ಗುಟ್ಟನ್ನು ಕಂಡ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಇಲ್ಲಿಯೂ ಕಷ್ಟ ಮದುವೆಯ ಆಚೆಗೇ ಇದೆ. ನಾದಿನಿಯು ಗೆಳತಿಯರೊಡನೆ ತೋಟಕ್ಕೆ ಕರೆದೊಯ್ದು, ಗಿಡವಾಗೆಂದು ಪೀಡಿಸಿ, ಹೂವಿನ ಆಸೆಗೆ ರೆಂಬೆಗಳನ್ನು ಮುರಿದು, ಎರಡನೆಯ ಕೊಡವನ್ನು ಅರೆಬರೆ ಚೆಲ್ಲಿ ಓಡಿಹೋಗುತ್ತಾಳೆ. ಕೈಕಾಲಿಲ್ಲದ ಅರ್ಧದೇಹವಾಗಿ ಉಳಿದವಳ ನರಳಿಕೆ ಕೇಳಿ ಎತ್ತಿಕೊಳ್ಳುವವನು ಹತ್ತಿಯ ಬಂಡಿ ಹೊಡೆಯುವ ಒಬ್ಬ ರೈತ. ದೇವತೆಯಲ್ಲ, ಋಷಿಯಲ್ಲ, ಬೈಲಹೊಂಗಲದ ಪೇಟೆಗೆ ಸಾಲುಗಟ್ಟಿ ಹೋಗುತ್ತಿದ್ದ ಹತ್ತಿಯ ಬಂಡಿಗಳನ್ನು ಕಂಡವರಿಗೆ ಅವನು ಗುರುತಿನವನೇ. ಕೊನೆಗೆ ಗಂಡನು ಅವಳನ್ನು ಗುರುತಿಸಿ, ಮುರಿದ ರೆಂಬೆಗಳನ್ನು ಜೋಡಿಸಿ ಕಟ್ಟಿ, ಕೊಡದ ನೀರು ಸುರಿದು ಉಳಿಸಿಕೊಳ್ಳುತ್ತಾನೆ.

ಗಿರೀಶ ಕಾರ್ನಾಡರು ಈ ಕಥೆಯನ್ನು 1992ರಲ್ಲಿ 'ಚೆಲುವಿ' ಎಂಬ ಚಲನಚಿತ್ರವಾಗಿ ಮಾಡಿದರು. ಅಲ್ಲಿ ಅದು ಗಿಡಮರಗಳ ನಾಶದ ಕಥೆಯೂ ಆಯಿತು. ರಾಮಾನುಜನ್ 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ, ಅವರ ಕನ್ನಡ ಕಥಾಸಂಗ್ರಹ ಇದೇ ಕಥೆಯ ಹೆಸರನ್ನು ಹೊತ್ತು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಅದನ್ನು ಗೀತನಾಟಕವಾಗಿ ರಚಿಸಿ, 2006ರ ನವೆಂಬರಿನಲ್ಲಿ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಪ್ರಯೋಗಿಸಿದನು. ಮೊತ್ಸಾರ್ಟನ ಇನ್ನೂರೈವತ್ತನೆಯ ಜನ್ಮವರ್ಷದ ಉತ್ಸವ ಅದು. ಒಲೆಯ ಮುಂದೆ ಪಿಸುದನಿಯಲ್ಲಿ ಹೇಳಿದ ಕಥೆಯನ್ನು ದೊಡ್ಡ ವಾದ್ಯಮೇಳ ನುಡಿಸಿತು. ಲಾಭವೋ ನಷ್ಟವೋ ಎಂದು ಕೇಳಿದರೆ ಎರಡೂ ಎನ್ನಬೇಕು. ಕಥೆ ಸಮುದ್ರ ದಾಟಿತು. ಅದನ್ನು ಹೇಳಿದ ಮಾತಿನ ಸೊಗಡು ಈಚೆಯ ದಡದಲ್ಲಿಯೇ ಉಳಿಯಿತು.

1988ರ 'ನಾಗಮಂಡಲ' ನಾಟಕಕ್ಕೂ ರಾಮಾನುಜನ್ ಹೇಳಿದ ಜನಪದ ಕಥೆಗಳೇ ಆಧಾರ. ಅದರ ಆರಂಭದಲ್ಲಿ ಊರಿನ ದೀಪಗಳ ಜ್ವಾಲೆಗಳು ಗುಡಿಯಲ್ಲಿ ಸೇರಿ ಹರಟುತ್ತವೆ. ಇದರ ಹಿಂದಿರುವ ಕಥೆ ಚಿಕ್ಕದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಎಂದೂ ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಕಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆಯು ಒಂದು ಜೊತೆ ಗಂಡಸರ ಪಾದರಕ್ಷೆಯಾಗಿ ಬಾಗಿಲ ಬಳಿ ಕುಳಿತಿತು. ಹಾಡು ಅಂಗಿಯಾಗಿ ಗೂಟಕ್ಕೆ ತೂಗಿತು. ಗಂಡ ಬಂದು ಇವು ಯಾರವೆಂದು ಕೇಳಿದನು. ಅವಳಿಗೆ ತಿಳಿಯದು. ಜಗಳವಾಗಿ, ಅವನು ಕಂಬಳಿ ಹೊತ್ತು ಹನುಮಪ್ಪನ ಗುಡಿಗೆ ಹೋಗಿ ಮಲಗಿದನು. ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಆ ಗುಡಿಗೆ ಬರುವುದು ವಾಡಿಕೆ. ಅಂದು ಒಂದು ಜ್ವಾಲೆ ತಡವಾಗಿ ಬಂದಿತು. ಏಕೆಂದು ಉಳಿದವು ಕೇಳಿದಾಗ, ಗಂಡಹೆಂಡಿರ ಜಗಳದಲ್ಲಿ ತನ್ನನ್ನು ಆರಿಸುವವರೇ ಇರಲಿಲ್ಲವೆಂದು ಅದು ನಡೆದುದೆಲ್ಲವನ್ನೂ ಹೇಳಿತು. ಗಂಡನು ಅದನ್ನು ಕೇಳಿಸಿಕೊಂಡು, ಸಂಶಯ ಕಳೆದು, ಬೆಳಗಿನ ಜಾವ ಮನೆಗೆ ಮರಳಿ ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದನು. ಅವಳಿಗೆ ಎರಡೂ ಮರೆತುಹೋಗಿದ್ದವು.